ಟಿಕೇಟಿನ ಬೋಟು

ಕುಷ್ಟನ ಹೊಟ್ಟೆ ಉರಿಸಿದವನು ಒಬ್ಬ ನರೆತ ಮೀಸೆಯ ಮಲಯಾಳಿ, ಅದೂ ಕಾಲುವೆಯಲ್ಲಿ ಸರ್ಕಾರಿ ಬೋಟು ಓಡಿಸುವವನು. ಬೇರೆ ಯಾರಾದರೂ ಆಗಿದ್ದರೆ ಕುಷ್ಟ ತಡೆದುಕೊಳ್ಳುತ್ತಿದ್ದನೋ ಏನೋ. ಆದರೆ ಕುಷ್ಟ ಗಂಗೊಳ್ಳಿ ಬಂದರಿನ ತಾಂಡೇಲ. ನಡುಗಡಲಿನಲ್ಲಿ ಮೀನಿನ ಬೋಟು ನಡೆಸುವ ಯಜಮಾನ. ಅಂಥವನ ಹೆಂಡತಿ ಕಾಲುವೆಯವನ ಪಕ್ಕ ಕೂತು ಬಾಯಿತುಂಬ ನಗುವುದೆಂದರೇನು?

ಅದು 2009ರ ಮಳೆಗಾಲ. ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡು ನಿಂತಿದ್ದವು. ಉಪ್ಪುಂದದ ಮನೆಯಲ್ಲಿ ಕುಷ್ಟ ಮಂಚ ಸವೆಸುತ್ತಿದ್ದಾಗ ಹೆಂಡತಿ ಗುಲಾಬಿ ಬಂದು ಕೂತಳು.

"ಬೈಂದೂರ್ ಮೇಲೆ ಹೋಪು ರೈಲ್ ಆ ಬದಿಗೆ ಎಲ್ಲಿಗ್ ಹೋತ್ತ್ ಅಂದೇಳಿ ಒಂದ್ಸಲ ಕಂಡ್ಕಂಡ್ ಬಪ್ಪ" ಎಂದಳು.

ಬುಟ್ಟಿ ಹೊತ್ತು ಮನೆಮನೆ ತಿರುಗಿ ಮೀನು ಮಾರಿದವಳು ಅವಳು, ತನಗೆಂದು ಏನನ್ನೂ ಕೇಳಿದವಳಲ್ಲ. ಕುಷ್ಟ ಒಪ್ಪಿದ. ಹಾಗೆ ಇಬ್ಬರೂ ಕೇರಳದ ಆಲಪ್ಪುಳದಲ್ಲಿ ಇಳಿದರು. ಬೀದಿ ಇರಬೇಕಾದ ಕಡೆಯೆಲ್ಲ ಕಾಲುವೆ ಇರುವ ಊರು ಅದು. ಹೌಸ್‌ಬೋಟಿನ ದಲ್ಲಾಳಿಗಳು ಮುತ್ತಿಕೊಂಡರೂ ಗುಲಾಬಿ ನಿಲ್ಲಲಿಲ್ಲ. ಊರವರು ಹೋಗುವ ಬೋಟಿನಲ್ಲಿ ಹೋದರೇ ಊರು ಕಾಣುವುದು ಎಂದು ನೇರವಾಗಿ ಸರ್ಕಾರಿ ಬೋಟಿನ ಕಟ್ಟೆಗೆ ನಡೆದಳು.

ಅವಳು ಬೋಟು ಹತ್ತಿದ್ದು ಅದೇ ಮೊದಲು. ಮೀನಿನ ಬೋಟಿಗೆ ಹೆಂಗಸರು ಕಾಲಿಡಬಾರದೆಂಬ ಕಟ್ಟು ಕುಷ್ಟನ ಮನೆಯಲ್ಲಿ ಅಜ್ಜನ ಕಾಲದಿಂದ ಇತ್ತು. ಬೋಟಿನ ಪೂಜೆಯ ದಿನವೂ ಗುಲಾಬಿ ತೆಂಗಿನಕಾಯಿಯ ತಟ್ಟೆ ಹಿಡಿದು ಬೋಟು ಕಟ್ಟುವ ಧಕ್ಕೆಯ ಮೇಲೇ ನಿಲ್ಲಬೇಕು. ಮದುವೆಯಾದ ಹೊಸದರಲ್ಲಿ ಒಮ್ಮೆ, ನನ್ನನ್ನೂ ಒಂದು ಸುತ್ತು ಕರೆದುಕೊಂಡು ಹೋಗಿ ಎಂದು ಕೇಳಿದ್ದಳು. ಕುಷ್ಟ ಗದರಿದ್ದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ಅವನು ಮರೆತೂಬಿಟ್ಟಿದ್ದ.

ಬೋಟು ಓಡಿಸುತ್ತಿದ್ದ ಆ ಮೀಸೆಯವನು ಪ್ರತಿ ವರ್ಷ ಕೊಲ್ಲೂರಿಗೆ ಬರುವವನಂತೆ. ಇವರ ಮಾತು ಕಿವಿಗೆ ಬಿದ್ದದ್ದೇ, "ಮೂಕಾಂಬಿಕೆ ಕಡೆಯವರಾ?" ಎಂದು ಹರಕು ಕನ್ನಡದಲ್ಲಿ ಕೇಳಿ, ಗುಲಾಬಿಯನ್ನು ಚುಕ್ಕಾಣಿಯ ಪಕ್ಕದ ಬೆಂಚಿನಲ್ಲಿ ಕೂರಿಸಿದ. ಅಲ್ಲಿ ಇದ್ದದ್ದು ಒಬ್ಬರ ಜಾಗ. ಕುಷ್ಟ ಹಿಂದೆ, ಎಂಜಿನ್ನಿನ ಹತ್ತಿರ, ಡೀಸೆಲ್ ಹೊಗೆ ಕುಡಿಯುತ್ತ ಕೂತ.

ಬೋಟು ಮನೆಮನೆಯ ಮೆಟ್ಟಿಲಿಗೂ ನಿಲ್ಲುತ್ತ ಹೋಯಿತು. ಹಾಲಿನ ಕ್ಯಾನು ಹತ್ತಿತು, ಶಾಲೆಯ ಮಕ್ಕಳು ಇಳಿದರು, ಹೆಂಗಸರು ಕೊಡೆ ಮಡಚುತ್ತ ಯಾರ ಕೈಯನ್ನೂ ಹಿಡಿಯದೆ ಒಳಗೆ ಬಂದರು. ಗುಲಾಬಿ ಕಣ್ಣು ಮಿಟುಕಿಸದೆ ಎಲ್ಲವನ್ನೂ ನೋಡಿದಳು. ಕುಷ್ಟ ಅವಳನ್ನೇ ನೋಡಿದ. ನೀರಿನಲ್ಲಿ ಒಂದು ಅಲೆಯಿಲ್ಲ, ಇದನ್ನು ಓಡಿಸುವವನಿಗೆ ಮೀಸೆ ಬೇರೆ ಕೇಡು ಎಂದು ಹಲ್ಲು ಕಡಿದ.

ಆಮೇಲೆ ಮೀಸೆಯವನು ಎಂಜಿನ್ನಿನವನಿಗೆ ಸನ್ನೆ ಕೊಡುವ ಗಂಟೆಯ ಹಗ್ಗವನ್ನು ಅವಳ ಕೈಗೆ ಕೊಟ್ಟ. ಅವಳು ಎಳೆದಳು. ಹಿಂದಿದ್ದ ಎಂಜಿನ್ನಿನವನು ವೇಗ ಇಳಿಸಿದ, ಬೋಟು ಮೆತ್ತಗೆ ಕಟ್ಟೆಗೆ ತಾಗಿತು. ಗುಲಾಬಿ ತಿರುಗಿ ಕುಷ್ಟನನ್ನು ನೋಡಿ ನಕ್ಕಳು. ಇಷ್ಟು ವರ್ಷದ ಸಂಸಾರದಲ್ಲಿ ಆ ನಗುವನ್ನು ಅವನು ಕಂಡೇ ಇರಲಿಲ್ಲ. ಅದನ್ನು ಹೊರಗೆ ತಂದವನು ಇನ್ನೊಬ್ಬ ಎಂದು ಅವನ ಮೈಯೆಲ್ಲ ಉರಿದುಹೋಯಿತು.

ಇಳಿದದ್ದೇ ತಡ, "ಅವ್ನ್ ಹತ್ರ ಅಷ್ಟೊತ್ತ್ ಎಂತ ಪಟ್ಟಾಂಗ? ನಾನ್ ತಾಂಡೇಲ ಅಂದೇಳಿ ಆದ್ರೂ ಹೇಳ್ದ್ಯಾ?" ಎಂದು ಕೇಳಿದ.

"ಹೇಳ್ದೆ. ತಾಂಡೇಲ್ರ ಹೆಂಡ್ತಿಗೆ ಬೋಟ್ ಹೊಸ್ತಾ ಅಂದೇಳಿ ಕೇಂಡ್ರ್. ನಂಗೆ ಎಂತ ಹೇಳ್ಕ್ ಅಂದೇಳಿ ಗೊತ್ತಾಯ್ಲಿಲ್ಲ."

ಕುಷ್ಟ ಬಿಡದೆ, "ಅವ್ನ್ ಅವ್ನ ಹೆಂಡ್ತಿನ ದಿನಾ ಕೂರ್ಸ್ಕಂಡ್ ತಿರ್ಗತ್ನಾ?" ಎಂದ.

"ಅವ್ರ್ ಟಿಕೇಟ್ ತಕಂಡ್ ತಾವೇ ತವರಿಗ್ ಹೋತ್ರಂಬ್ರ್. ಗಂಡನ ಬೋಟ್ ಸಿಕ್ರ್ ಅದ್ರಗೆ, ಇಲ್ದಿರೆ ಬೇರೆದ್ರಗೆ."

ಆಲಪ್ಪುಳಕ್ಕೆ ವಾಪಸು ಬಸ್ಸಿನಲ್ಲಿ ಹೋಗೋಣ ಎಂದು ಕುಷ್ಟ ಹಟ ಹಿಡಿದ. ಗುಲಾಬಿ ಹೋಗಿ ಬೋಟಿಗೆ ಎರಡು ಟಿಕೇಟು ತಂದಳು.

ಊರಿಗೆ ಬಂದ ಮೇಲೂ ಆ ಮೀಸೆ ಕುಷ್ಟನ ಕಣ್ಣಿನಿಂದ ಹೋಗಲಿಲ್ಲ. ಊಟಕ್ಕೆ ಕೂತರೆ ಮೀಸೆ, ಬಲೆ ಹೆಣೆದರೆ ಮೀಸೆ. ಆ ನಗು ತನ್ನ ಬೋಟಿನಲ್ಲೇ ಬರಬೇಕು, ತನ್ನನ್ನು ನೋಡಿಯೇ ಬರಬೇಕು ಎಂಬುದೊಂದೇ ಹಂಬಲವಾಯಿತು. ಅದಕ್ಕಾಗಿ ಅಜ್ಜನ ಕಟ್ಟನ್ನೂ ಮುರಿಯಲು ಮನಸ್ಸು ಮಾಡಿದ.

ರಜೆ ಮುಗಿದು ಬೋಟಿನ ಪೂಜೆಯ ದಿನ ಬಂತು. ಗುಲಾಬಿ ಎಂದಿನಂತೆ ತಟ್ಟೆ ಹಿಡಿದು ಧಕ್ಕೆಯ ಮೇಲೆ ನಿಂತಿದ್ದಳು. ಕುಷ್ಟ ಬೋಟಿನ ಅಂಚಿಗೆ ಬಂದು, ಆಳುಗಳೆಲ್ಲ ನೋಡುತ್ತಿದ್ದಂತೆಯೇ ಕೈ ಚಾಚಿದ.

"ಬಾ, ಹತ್ತ್."

ಆಳುಗಳು ಮುಖ ಮುಖ ನೋಡಿಕೊಂಡರು. ಗುಲಾಬಿ ಆ ಕೈಯನ್ನು ಹಿಡಿಯಲಿಲ್ಲ.

"ಬ್ಯಾಡ. ಇದನ್ನ್ ಹತ್ತುಕೆ ನೀವ್ ಕೈ ಕೊಡ್ಕ್. ಆಲಪ್ಪುಳದಗೆ ಟಿಕೇಟ್ ತಕಂಡ್ರ್ ಸಾಕ್, ಯಾರೂ ಕೈ ಕೊಡ್ಕಂದಿಲ್ಲ. ಬಪ್ಪು ವರ್ಷ ರಜೆ ಸಿಕ್ರ್ ನಾನ್ ಅಲ್ಲಿಗೇ ಹೋತೆ. ನೀವೂ ಬನ್ನಿ, ಹಿಂದ್ ಕೂಕಣಿ."

ಚಾಚಿದ ಕೈಯಲ್ಲಿ ತೆಂಗಿನಕಾಯಿಯ ತಟ್ಟೆಯಿಟ್ಟು ಅವಳು ಹಿಂದೆ ಸರಿದಳು. ಆಲಪ್ಪುಳದ ನೆನಪಾಯಿತೋ ಏನೋ, ಅದೇ ನಗು ಮುಖದ ಮೇಲೆ ಬಂತು. ಅವಳ ಕಣ್ಣು ಮಾತ್ರ ಕುಷ್ಟನ ಮೇಲೆ ಇರಲಿಲ್ಲ. ಅವನ ಹೊಟ್ಟೆ ಮತ್ತೆ ಉರಿಯಿತು, ಈ ಸಲ ಬೈಯಲು ಎದುರಿಗೆ ಮೀಸೆಯವನೂ ಇರಲಿಲ್ಲ.