ಕೈ ಎತ್ತುವ ಬಟನ್

ನಾವು ಮಾಡುತ್ತಿದ್ದ ಕಂಪ್ಯೂಟರ್ ಆಟದಲ್ಲಿ ಹತ್ತು ಮಹಡಿ ಎತ್ತರದ ರೋಬೋ ಹೊಗೆ ತುಂಬಿದ ನಗರದಲ್ಲಿ ಓಡಾಡುತ್ತದೆ. ಅದರೊಳಗೆ ಕೂತ ಆಟಗಾರ ಬಿಸಿಯನ್ನು ಬಿಳಿಯಾಗಿ, ತಂಪನ್ನು ನೀಲಿಯಾಗಿ ತೋರಿಸುವ ಥರ್ಮಲ್ ಕ್ಯಾಮೆರಾದಲ್ಲಿ ಶತ್ರುಗಳನ್ನೂ, ಸಿಕ್ಕಿಬಿದ್ದ ಜನರನ್ನೂ ಹುಡುಕಬೇಕು. ಆ ಕ್ಯಾಮೆರಾದ ನೋಟವನ್ನು ರೂಪಿಸುವ ಕೆಲಸ ನನ್ನದು. ಬಹಳ ಚೆನ್ನಾಗಿ ಬಂದಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ, ಅಪ್ಪ ನೋಡುವ ತನಕ.

ಅಪ್ಪ ಇಪ್ಪತ್ತೆಂಟು ವರ್ಷ ಅಗ್ನಿಶಾಮಕ ದಳದಲ್ಲಿದ್ದವರು. ಕೊನೆಕೊನೆಗೆ ಥರ್ಮಲ್ ಕ್ಯಾಮೆರಾ ಹಿಡಿದು ಎಲ್ಲರಿಗಿಂತ ಮುಂಚೆ ಹೊಗೆಗೆ ನುಗ್ಗುವ ಕೆಲಸ ಅವರದೇ ಆಗಿತ್ತು. ಒಂದು ಭಾನುವಾರ ನನ್ನ ಹಿಂದೆ ನಿಂತು ಪರದೆ ನೋಡಿದವರು ಒಂದೊಂದೇ ತಪ್ಪು ತೆಗೆಯತೊಡಗಿದರು. ಗೋಡೆಯಾಚೆ ನಿಂತವನು ಹೇಗೆ ಕಾಣುತ್ತಾನೆ? ಇಷ್ಟು ದೂರ ಓಡಿ ಬಂದ ರೋಬೋದ ಮಂಡಿ ಯಾಕೆ ತಣ್ಣಗಿದೆ? ಗಾಜಿನ ವಿಷಯಕ್ಕಂತೂ ಅವರು ಪಟ್ಟು ಬಿಡಲಿಲ್ಲ. ಆ ಕ್ಯಾಮೆರಾಕ್ಕೆ ಗಾಜು ಗೋಡೆಯಿದ್ದಂತೆ, ಆಚೆಗಿನದು ಕಾಣುವುದಿಲ್ಲ. ಬದಲಿಗೆ ಕನ್ನಡಿಯ ಹಾಗೆ ಈಚೆ ನಿಂತವರ ಬಿಸಿಯನ್ನೇ ತೋರಿಸುತ್ತದೆ ಎಂದರು. ನಾನು ಗೊಣಗುತ್ತಲೇ ಎಲ್ಲವನ್ನೂ ತಿದ್ದಿದೆ. ಇಷ್ಟು ವರ್ಷ ತನ್ನ ಜೊತೆ ಆಡದ ಮಾತನ್ನೆಲ್ಲ ಈ ಮನುಷ್ಯ ಕಬ್ಬಿಣದ ಗೊಂಬೆಯ ಜೊತೆ ಆಡುತ್ತಿದ್ದಾನೆ ಎಂದು ಅಮ್ಮ ಅಡುಗೆಮನೆಯಿಂದಲೇ ಚುಚ್ಚಿದಳು.

ಕೊನೆಗೆ ಅಪ್ಪ ಒಂದೇ ಒಂದು ಕೇಳಿದರು. ರೋಬೋ ಸುಮ್ಮನೆ ಕೈ ಎತ್ತಲು ಒಂದು ಬಟನ್ ಇಡಬೇಕಂತೆ. ಯಾಕೆ ಎಂದರೆ, ಬೇಕಾಗುತ್ತೆ, ಇಡು ಎಂದರು. ಇಟ್ಟೆ.

ಎರಡು ತಿಂಗಳಾದ ಮೇಲೆ ಆಫೀಸಿನಲ್ಲಿ ನಮ್ಮ ಮೇಲಿನವನು, ಸಿಕ್ಕಿದ್ದನ್ನೆಲ್ಲ ಕತ್ತರಿಸುವುದರಿಂದ ನಾವು 'ಕತ್ತರಿ' ಎಂದೇ ಕರೆಯುವವನು, ಬಟನ್‌ಗಳು ಜಾಸ್ತಿಯಾದವು, ಒಂದನ್ನು ತೆಗಿ ಎಂದ. ನಾನು ಹಿಂದೆ ಮುಂದೆ ನೋಡದೆ ಅಪ್ಪನದನ್ನೇ ತೆಗೆದೆ. ಅವರಿಗೆ ಹೇಳಲೂ ಇಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಹೊರಗಿನವರು ಬಂದು ಆಟ ಆಡಿ ನೋಡುವ ದಿನ ಅಪ್ಪನೂ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ ಕೂತರು. ಆಟದಲ್ಲಿ ರಸ್ತೆಯ ತುದಿಗೊಂದು ಗಾಜಿನ ಕಟ್ಟಡ ಬರುತ್ತದೆ. ಅಲ್ಲಿಗೆ ಬಂದ ಪ್ರತಿಯೊಬ್ಬನೂ ಹೊಗೆಯಲ್ಲಿ ಎದುರು ನಿಂತ ದೊಡ್ಡ ಬಿಳಿ ಆಕಾರವನ್ನು ಕಂಡು ಬೆಚ್ಚಿ ಗುಂಡು ಹಾರಿಸಿದ. ಗಾಜು ಪುಡಿಯಾಗಿ ಬಿದ್ದ ಮೇಲೆ ತಿಳಿಯುತ್ತಿತ್ತು, ಅದು ಅವನದೇ ರೋಬೋದ ಬಿಂಬ ಎಂದು. ಜನ ಬಿದ್ದು ಬಿದ್ದು ನಕ್ಕರು. ತನ್ನ ಬಿಂಬಕ್ಕೇ ಗುಂಡು ಹೊಡೆದವನಿಗೆ ಆಟದಲ್ಲೊಂದು ಬಹುಮಾನ ಇಡೋಣ ಎಂದ ಕತ್ತರಿ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಗುತ್ತಲೇ ಹಿಂದೆ ತಿರುಗಿದೆ. ಅಪ್ಪನ ಕುರ್ಚಿ ಖಾಲಿಯಿತ್ತು.

ಹುಡುಕಿಕೊಂಡು ಹೋದರೆ ಅವರು ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದರು.

"ಆ ಬಟನ್ ಏನಾಯ್ತು?" ಎಂದು ಕೇಳಿದರು.

ಯಾರೂ ಒತ್ತುತ್ತಿರಲಿಲ್ಲ, ಅದಕ್ಕೇ ತೆಗೆದೆ ಎಂದೆ. ಅವರು ತಲೆಯಾಡಿಸಿದರು.

"ಒಂದು ಆಫೀಸಿಗೆ ಬೆಂಕಿ ಬಿದ್ದಿತ್ತು. ಕಾರಿಡಾರ್ ಕೊನೇಲಿ ಬಿಳಿ ಆಕಾರ ಕಾಣಿಸ್ತು. ಯಾರೋ ನಿಂತಿದಾರೆ ಅನ್ಕೊಂಡು ಕೂಗಿದೆ, ಬರಲಿಲ್ಲ. ತೆವಳಿಕೊಂಡು ಹೋಗಿ ಮುಟ್ಟಿದ್ರೆ ಗಾಜು. ನಾನೇ ಅದು." ಅವರು ಅಂಗೈ ನೋಡಿಕೊಂಡರು. "ಎಡಗಡೆ ರೂಮಲ್ಲಿ ಒಂದು ಹುಡುಗಿ ಇತ್ತು. ಕೆಲಸಕ್ಕೆ ಸೇರಿ ವಾರ ಆಗಿತ್ತಂತೆ. ನಾನು ವಾಪಸ್ ಬರೋ ಹೊತ್ತಿಗೆ ಮುಗಿದು ಹೋಗಿತ್ತು. ಒಂದು ಸಲ ಕೈ ಎತ್ತಿ ನೋಡಿದ್ರೆ ಸಾಕಿತ್ತು ಮಗಳೇ. ಅದೂ ಎತ್ತೋದು, ಗೊತ್ತಾಗೋದು."

ಆಮೇಲೆ ದಳಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಅಪ್ಪ ಕಲಿಸಿದ ಮೊದಲ ಪಾಠ ಅದೇ ಅಂತೆ: ಆಕಾರ ಕಂಡರೆ ಮೊದಲು ನಿನ್ನ ಕೈ ಎತ್ತು. ಮನೆಯಲ್ಲಿ ಮಾತ್ರ ಬಾಯಿ ಬಿಟ್ಟಿರಲಿಲ್ಲ. ನಾನು ನಕ್ಕಿದ್ದು ಅವರ ಕಿವಿಗೆ ಬಿದ್ದಿತ್ತಲ್ಲ, ಅದಕ್ಕೆ ನನಗೆ ಭೂಮಿಗಿಳಿದು ಹೋದಂತಾಯಿತು.

ಮರುದಿನ ಕತ್ತರಿಯ ಜೊತೆ ಜಗಳವಾಡಿ, ಅವನಿಗೆ ಪ್ರಿಯವಾದ ರೋಬೋದ ಹಾರ್ನ್ ಬಟನ್ ಕಿತ್ತು, ಆ ಜಾಗದಲ್ಲಿ ಅಪ್ಪನ ಬಟನ್ ಮತ್ತೆ ಇಟ್ಟೆ. ಬಹುಮಾನದ ಮಾತನ್ನೂ ಅಲ್ಲಿಗೇ ನಿಲ್ಲಿಸಿದೆ. ಭಾನುವಾರ ಅಪ್ಪನನ್ನು ಆಟಕ್ಕೆ ಕೂರಿಸಿದೆ. ಇದರಿಂದ ಅವರ ಮನಸ್ಸು ಸ್ವಲ್ಪ ಹಗುರವಾದೀತು ಎಂಬ ಆಸೆ.

ರೋಬೋ ರಸ್ತೆಯ ತುದಿಗೆ ಬಂತು. ಬಿಳಿ ಆಕಾರ ಎದುರಾಯಿತು. ಅಪ್ಪ ಬಟನ್ ಒತ್ತಿದರು. ರೋಬೋ ಕೈ ಎತ್ತಿತು, ಆಕಾರವೂ ಎತ್ತಿತು. ಅವರು ನಿಟ್ಟುಸಿರು ಬಿಟ್ಟು ತಟ್ಟನೆ ರೋಬೋವನ್ನು ಎಡಕ್ಕೆ ತಿರುಗಿಸಿದರು. ಅಲ್ಲಿ ಗೋಡೆ ಕುಸಿದು ತೆರೆದುಕೊಂಡಿದ್ದ ಒಂದು ಕೋಣೆಯಿತ್ತು.

ಆ ಕೋಣೆಯಲ್ಲಿ ನಾನು ಯಾರನ್ನೂ ಇಟ್ಟಿರಲಿಲ್ಲ. ನೋಟಕ್ಕಿರಲಿ ಎಂದು ಒಂದು ಮೇಜು, ಎರಡು ಕುರ್ಚಿ ಇಟ್ಟಿದ್ದೆ, ಅಷ್ಟೆ. ಎಲ್ಲವೂ ತಣ್ಣಗೆ, ಕಡುನೀಲಿ. ಅಪ್ಪ ಕ್ಯಾಮೆರಾವನ್ನು ಮೂಲೆಯಿಂದ ಮೂಲೆಗೆ ಆಡಿಸಿದರು. ರೋಬೋವನ್ನು ಬಗ್ಗಿಸಿ ಮೇಜಿನ ಕೆಳಗೂ ನೋಡಿದರು.

"ಅಲ್ಲಿ ಯಾರೂ ಇಲ್ಲಪ್ಪ," ಎಂದೆ. "ನಾನು ಇಟ್ಟಿಲ್ಲ."

"ಇರು," ಎಂದರು ಅಪ್ಪ. "ಇನ್ನೊಂದು ಸಲ ನೋಡ್ತೀನಿ."