ಒಂದು ತಂಬಿಗೆ ನೀರು

ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುವಾಗ ವೃಂದಾಳಿಗೆ ಬಾಯಾರಿಕೆಯಾಯಿತು. ತಂಬಿಗೆಯತ್ತ ಹೋದ ಕೈ ಹಾಗೇ ಹಿಂದಕ್ಕೆ ಬಂತು.

"ಇವತ್ತೂ ಫೀಲ್ಡೇನ?" ಬಾಗಿಲಲ್ಲಿ ನಿಂತಿದ್ದ ಅತ್ತೆ ಅನಸೂಯಾಬಾಯಿ ಕೇಳಿದರು. "ಇಡೀ ತಾಲೂಕಿಗಿ ಸಾಲಿ ಕಲಿಸಾಕಿ, ಗುಟುಕು ನೀರ್ ಕುಡೀಲಿಕ್ಕ ಅಂಜತಿ."

"ಸಂಜಿಗಿ ಬಂದ್ ಕುಡಿತೇನಿ, ಆಯಿ."

ಭಾಲ್ಕಿಯ ಮನೆಯಿಂದ ಔರಾದಿನ ಕಚೇರಿ ದೂರ, ಅಲ್ಲಿಂದ ಹಳ್ಳಿಗಳು ಇನ್ನೂ ದೂರ. ಶಿಕ್ಷಕಿಯಾಗಿ ಸೇರಿ ಕ್ಷೇತ್ರ ಶಿಕ್ಷಣಾಧಿಕಾರಿಯಾಗುವವರೆಗೂ, ತಿರುಗಾಟದ ದಿನ ವೃಂದಾ ನೀರು ಕುಡಿದವಳಲ್ಲ. ನಡುವೆ ಶೌಚಕ್ಕೆ ಹೋಗುವುದಾದರೂ ಎಲ್ಲಿಗೆ? ರೂಢಿಯಾಗಿ ರೂಢಿಯಾಗಿ, ಅದು ಕಷ್ಟವೆಂದು ಅನ್ನಿಸುವುದೇ ನಿಂತುಹೋಗಿತ್ತು.

ಅಂದು ಹೋಗಬೇಕಿದ್ದದ್ದು ಎಕಂಬಾದ ಆಚೆಯ ಒಂದು ಸಣ್ಣ ವಾಡಿಯ ಶಾಲೆಗೆ. ಅಲ್ಲಿಯ ಕುರಿ ಸಾಕುವ ಮನೆಯ ಹುಡುಗಿ ಶೀತಲ, ಏಳನೇ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಮಧ್ಯಾಹ್ನ ಮನೆಗೆ ಹೋದರೆ ತಿರುಗಿ ಬರುತ್ತಿರಲಿಲ್ಲ. ಈಗ ಅಜ್ಜಿ ಸಖುಬಾಯಿ ಅವಳ ಹೆಸರನ್ನೇ ತೆಗೆಸುತ್ತೇನೆಂದು ಹಟ ಹಿಡಿದಿದ್ದಳು. ಕುರಿಯ ಹಿಂದೆ ಹೊರಟ ಹುಡುಗಿ ಮತ್ತೆ ಶಾಲೆಗೆ ಬರುವುದಿಲ್ಲ. ಇಂಥವರಿಗಾಗಿಯೇ ವೃಂದಾ ಬೀದರ ನಗರದ ಆರಾಮದ ಕುರ್ಚಿ ಬಿಟ್ಟು ಔರಾದನ್ನು ಕೇಳಿಕೊಂಡು ಬಂದಿದ್ದಳು.

ಮುಖ್ಯಗುರು ಅಶೋಕಕುಮಾರ ಗೇಟಿನಲ್ಲೇ ಕೈ ಮುಗಿದು, ಜೇಬಿನಿಂದ ಚಾವಿ ತೆಗೆದರು. "ದೂರಿಂದ ಬಂದೀರಿ ಮೇಡಂ. ಹುಡುಗ್ಯಾರ ಶೌಚಾಲಯ ನಿಮಗಂತನೇ ತೊಳಿಸಿ ಇಟ್ಟೀನ್ರಿ. ಇವು ಹೊಲಸ ಮಾಡ್ತಾವಂತ ದಿನಾ ಕೀಲಿ ಹಾಕಿರ್ತೇನಿ."

ವೃಂದಾ ತಿರುಗಿ ನೋಡಿದಳು. ಈ ಶೌಚಾಲಯ ಇದೆಯೆಂದು ಹೋದ ವರ್ಷ ಅವಳೇ ವರದಿ ಬರೆದಿದ್ದಳು. ಬಾಗಿಲು ತೆರೆಯುತ್ತದೆಯೇ ಎಂದು ನೋಡುವ ಅಗತ್ಯ ಅವಳಿಗೆ ಬಿದ್ದಿರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಸಖುಬಾಯಿ ನಕ್ಕಳು. "ನೋಡ್ರಿ ಬಾಯಾರ, ನಿಮ್ಮಂಥ ಸಾಹೇಬರಿಗಿ ಒಂದು ಖೋಲಿ, ನಮ್ಮ ಹುಡುಗಿಗಿ ಬಯಲು. ಆಕಿ ದೊಡ್ಡಾಕಿ ಆಗ್ಯಾಳ. ಹಗಲೊತ್ತಿನ್ಯಾಗ ಎಲ್ಲಿ ಹೋಗಬೇಕು? ಮುಂಜಾನಿಂದ ಬಾಯಿಗಿ ನೀರ್ ಮುಟ್ಟಸಂಗಿಲ್ಲ. ಹೊಟ್ಟಿ ಹಿಡ್ಕೊಂಡ ಮನಿಗಿ ಬರ್ತಾಳ. ನಾ ನನ್ನ ಕುರಿಗೂ ನೀರ್ ಕುಡಿಸೇ ಹೊಡ್ಕೊಂಡ ಹೋಗ್ತೇನಿ."

ಅಜ್ಜಿಯ ಹಿಂದೆ ನಿಂತ ಶೀತಲ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ತಾನೂ ಅದನ್ನೇ ಮಾಡುತ್ತಿದ್ದೇನೆಂದು ವೃಂದಾಳಿಗೆ ತಿಳಿಯಿತು.

ಅವಳು ಮುಖ್ಯಗುರುವಿನ ಕೈಯಿಂದ ಚಾವಿ ತೆಗೆದುಕೊಂಡು ತಾನೇ ಹೋಗಿ ಬಾಗಿಲು ತೆರೆದಳು. ಬೀಗ, ಚಾವಿ ಎರಡನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳು.

"ಯಾರ ತೊಳಿಬೇಕ್ರಿ ಮೇಡಂ?" ಅಶೋಕಕುಮಾರ ಗಾಬರಿಯಾದರು.

"ನನ್ನ ಸಲುವಾಗಿ ಒಂದಿನ ತೊಳಿಸೀರಲ್ಲ, ಸರ. ಇವರ ಸಲುವಾಗಿ ದಿನಾ ತೊಳಿಸ್ರಿ. ಅನುದಾನ ಅದಕ್ಕೇ ಬಂದದ."

ಸಖುಬಾಯಿ ಎದ್ದು ಸೀರೆ ಕೊಡವಿದಳು. "ಪ್ಯಾಟ್ಯಾಗ ಬ್ಯಾರೆ ಕೀಲಿ ಸಿಗಂಗಿಲ್ಲೇನ್ರಿ? ನಿಮ್ಮ ಜೀಪ ಹೋತಂದ್ರ ಇನ್ನೊಂದು ಬರ್ತದ. ನಾಳಿ ಒಂದಿನ ಕಳಿಸಿ ನೋಡ್ತೇನಿ. ಕೀಲಿ ಕಂಡ್ರ, ಹುಡುಗಿ ಕುರಿ ಹಿಂದ."

ಅಶೋಕಕುಮಾರ ನೆಲ ನೋಡುತ್ತ ನಿಂತರು. ಮುದುಕಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಮರುದಿನ ರೊಟ್ಟಿ ಬೇಯುತ್ತಿರುವಾಗಲೇ ಜೀಪಿನ ಚಾಲಕ ಮಕ್ಬೂಲನ ಫೋನ್ ಬಂತು. "ಇವತ್ತ ಯಾವ ಕಡಿ ಮೇಡಂ? ಸಾಲಿಗಿ ಮೊದಲೇ ಫೋನ್ ಹಚ್ಚಿ ತಿಳಸ್ಲೇನ್ರಿ?"

"ಯಾರಿಗೂ ಬ್ಯಾಡ. ನೀ ಬಾ ಮೊದಲ."

ವೃಂದಾ ಒಲೆ ಸಣ್ಣಗೆ ಮಾಡಿ ತಂಬಿಗೆ ಎತ್ತಿಕೊಂಡಳು. ನಿಂತಲ್ಲೇ, ನಿಧಾನವಾಗಿ, ತಳ ಕಾಣುವವರೆಗೆ ಕುಡಿದಳು. ಇನ್ನು ಮೇಲೆ ಹೊರಟ ದಿನವೆಲ್ಲ ಹೀಗೇ. ಯಾವ ಊರಾದರೂ ಸರಿ, ಹೇಳದೆ ಹೋಗುವುದು. ಶೌಚಾಲಯದ ಬಾಗಿಲಲ್ಲಿ ಹುಡುಗಿಯರ ಹಿಂದೆ ನಿಂತು ತನ್ನ ಪಾಳಿ ಕಾಯುವುದು. ಇವತ್ತು ಮೊದಲು ಶೀತಲಳ ಹಿಂದೆ.

"ಯಾಕ, ಇವತ್ತ ಫೀಲ್ಡ್ ಇಲ್ಲೇನ?" ಅನಸೂಯಾಬಾಯಿ ಬೆರಗಾಗಿ ಕೇಳಿದರು.

"ರೊಟ್ಟಿ ಸೀದೀತು ಆಯಿ, ಸ್ವಲ್ಪ ನೋಡ್ರಿ," ಎಂದು ವೃಂದಾ ಖಾಲಿ ತಂಬಿಗೆಯನ್ನು ಮತ್ತೆ ಕೊಡದೊಳಗೆ ಅದ್ದಿದಳು.