ಮುಂದಿನ ಸಲಕ್ಕೆ ಬಿಟ್ಟುಹೋದ ಕೌದಿಗಳು

ಮಹಾದೇವಿಯ ಮನೆಯ ಹಾಸಿಗೆ ಕಪಾಟನ್ನು ಒಡೆಯಬೇಕೋ ಬೇಡವೋ ಎಂಬ ಮಾತು ಹೊಸದೇನಲ್ಲ. ಸಾಂತಾಕ್ರೂಜ್ ಪೂರ್ವದ ಆ ಮೂರನೆಯ ಮಹಡಿಯ ಖೋಲಿಗೆ ಸೊಸೆ ರಂಜನಾ ಕಾಲಿಟ್ಟ ವರ್ಷದಿಂದಲೂ ಅದು ನಡೆದೇ ಇತ್ತು. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲಿ ಬಾಗಿಲ ಪಕ್ಕದ ಆರಡಿ ಉದ್ದ, ಮೂರಡಿ ಅಗಲದ ಜಾಗವನ್ನು ನೆಲದಿಂದ ಮೇಲಿನವರೆಗೆ ಕಪಾಟೇ ನುಂಗಿ ಕೂತಿತ್ತು. ಮನೆಯ ಮೂವರ ಚಾದರ, ದಿಂಬುಗಳಿಗೆ ಅದರಲ್ಲಿ ಸಿಕ್ಕದ್ದು ಕೆಳಗಿನ ಒಂದೇ ಹಲಗೆ. ಉಳಿದದ್ದೆಲ್ಲ ಪರರ ಪಾಲು. ಮುಂಬಯಿಯಲ್ಲಿ ಕಾಲು ಚಾಚುವಷ್ಟು ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಈ ಹೆಂಗಸು ನೋಡಿದರೆ ಊರವರ ಹಾಸಿಗೆಗೆ ಅರ್ಧ ಗೋಡೆ ಬರೆದುಕೊಟ್ಟಿದ್ದಳು.

ಕಪಾಟನ್ನು ಬಡಿದದ್ದು ಅವಳ ಗಂಡ ಗುರಲಿಂಗಪ್ಪ. ವಿಮಾನ ನಿಲ್ದಾಣದ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದವ, ಒಡೆದ ಪೆಟ್ಟಿಗೆಗಳ ಹಲಗೆ ತಂದು ತಾನೇ ಮೊಳೆ ಹೊಡೆದಿದ್ದ. ಹದಿನಾಲ್ಕು ವರ್ಷದ ಹಿಂದೆ ವಿಜಯಪುರದ ಕಡೆಯವರೊಬ್ಬರು ಗಂಟಲ ಕ್ಯಾನ್ಸರಿಗೆಂದು ದೊಡ್ಡಾಸ್ಪತ್ರೆಗೆ ಬಂದು ಎದುರಿನ ಫುಟ್‌ಪಾತಿನಲ್ಲಿ ಮಲಗಿದ್ದರು. ಗುರಲಿಂಗಪ್ಪ ಅವರ ಮಾತು ಕೇಳಿಯೇ ಊರಿನವರೆಂದು ಗುರುತು ಹಿಡಿದು ಮನೆಗೆ ಕರೆತಂದ. ಸುದ್ದಿ ಊರಿಗೆ ಹೋಯಿತು. ಆಮೇಲೆ ಇಂಡಿ ತಾಲೂಕಿನವರು, ಸಿಂದಗಿಯವರು, ಜೇವರ್ಗಿಯವರು, ಯಾರ ಮನೆಗೆ ಆ ಸುಡುಗಾಡು ರೋಗ ಬಂದರೂ ಮೊದಲು ಮಾದೇವಕ್ಕನ ನಂಬರು ಕೇಳುತ್ತಿದ್ದರು. ಬರುವಾಗ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಆಸ್ಪತ್ರೆಯ ಫೈಲು, ಜೊತೆಗೆ ಮನೆಮಂದಿಯ ಹಳೆಯ ಸೀರೆ ಧೋತರ ಕೂಡಿಸಿ ಹೊಲಿದ ಒಂದು ಕೌದಿ ತರುತ್ತಿದ್ದರು. ಹೋಗುವಾಗ ಕೌದಿಯನ್ನು ಇಲ್ಲೇ ಬಿಡುತ್ತಿದ್ದರು. ಮೂರು ತಿಂಗಳಿಗೆ ಮತ್ತೆ ಚೆಕಪ್ಪಿಗೆ ಬರಲೇಬೇಕಲ್ಲ, ಅಷ್ಟು ಭಾರ ರೈಲಿನಲ್ಲಿ ಯಾಕೆ ಹೊರುವುದು?

ಎಷ್ಟೋ ಜನ ಬಂದು ತಮ್ಮ ತಮ್ಮದನ್ನು ಒಯ್ದರು. ಹನ್ನೊಂದು ಕೌದಿಗಳ ಒಡೆಯರು ಮಾತ್ರ ಮತ್ತೆ ಬರಲಿಲ್ಲ. ಮಹಾದೇವಿ ಒಂದೊಂದಕ್ಕೂ ಹೆಸರು, ಫೋನ್ ನಂಬರಿನ ಚೀಟಿ ಪಿನ್ನು ಮಾಡಿಸಿದ್ದಳು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಟೆರೇಸಿಗೆ ಹೊತ್ತು ಬಿಸಿಲಿಗೆ ಹಾಕಿ, ನುಸಿ ಹತ್ತದಂತೆ ಡಾಂಬರು ಗುಳಿಗೆ ಇಟ್ಟು ಮಡಚುತ್ತಿದ್ದಳು. ಸೊಸೈಟಿಯವರು ಗೊಣಗಿದರೆ ಮರಾಠಿಯಲ್ಲಿ ಅವರಿಗೂ ನಾಲ್ಕು ಮಾತು ಬೀಳುತ್ತಿತ್ತು.

ಮತ್ತೆ ಬಾರದವರ ಬಗ್ಗೆ ಅವಳ ತೀರ್ಮಾನ ಸರಳವಾಗಿತ್ತು. ಆರಾಮಾದವರು ಆಸ್ಪತ್ರೆಗೆ ಯಾಕೆ ಬರುತ್ತಾರೆ? ಬಂದಿಲ್ಲವೆಂದರೆ ಗುಣವಾಗಿದ್ದಾರೆ, ಅಷ್ಟೆ. ಇದನ್ನು ತಾನು ನಂಬಿ ಸುಮ್ಮನಿದ್ದಿದ್ದರೆ ಬೇರೆ ಮಾತು. ಹೊಸದಾಗಿ ಬಂದ ರೋಗಿ ಹೆದರಿ ಅನ್ನ ಬಿಟ್ಟು ಕೂತರೆ, ಕೈ ಹಿಡಿದು ಎಬ್ಬಿಸಿ ಕಪಾಟಿನ ಬಾಗಿಲು ತೆರೆಯುತ್ತಿದ್ದಳು. ನೋಡು, ಇವರೆಲ್ಲ ನಿನ್ನ ಹಾಗೇ ಬಂದವರು, ತಮ್ಮ ಕೌದಿ ಇಲ್ಲಿದೆ ಅನ್ನುವುದನ್ನೇ ಮರೆಯುವಷ್ಟು ಆರಾಮಾಗಿದ್ದಾರೆ ಎನ್ನುತ್ತಿದ್ದಳು. ರೋಗಿ ಚೀಟಿಗಳನ್ನು ಓದಿಕೊಂಡು ಬಂದು ಊಟಕ್ಕೆ ಕೂರುತ್ತಿದ್ದ. ಡಾಕ್ಟರರ ಮಾತಿಗಿಂತ ಆ ಕಪಾಟಿನ ಮಾತಿಗೆ ಬೆಲೆ ಹೆಚ್ಚಾಗಿತ್ತು. ತನ್ನ ಜನ್ಮದಲ್ಲಿ ತಾನು ಮಾಡಿದ ಒಂದು ಒಳ್ಳೆಯ ಕೆಲಸ ಇದು ಎಂದು ಮಹಾದೇವಿಗೆ ಹೆಮ್ಮೆಯಿತ್ತು, ಯಾಕೆ ಸುಳ್ಳು ಹೇಳಬೇಕು.

ಆದರೆ ಆ ಹನ್ನೊಂದರಲ್ಲಿ ಒಂದು ನಂಬರಿಗೂ ಅವಳು ಫೋನು ಮಾಡಿ ಕೇಳಿರಲಿಲ್ಲ. ಸತ್ತವರ ಹಾಸಿಗೆಯನ್ನು ಅವಳ ಜನರಲ್ಲಿ ಯಾರೂ ಮನೆಯಲ್ಲಿಡುವುದಿಲ್ಲ. ಗುರಲಿಂಗಪ್ಪ ಆರು ವರ್ಷದ ಹಿಂದೆ ಎದೆನೋವಿನಿಂದ ಹೋದಾಗ, ಮಣ್ಣು ಮಾಡಿ ಬಂದ ದಿನವೇ ಅವನ ಗಾದಿ, ಚಾದರ, ದಿಂಬು ಎಲ್ಲವನ್ನೂ ಹೊರಗೆ ಹಾಕಿಸಿದ್ದಳು. ಅವನೇ ಕಟ್ಟಿದ ಕಪಾಟಿನಲ್ಲಿ ಅವನದೊಂದು ಎಳೆ ನೂಲೂ ಇರಲಿಲ್ಲ. ಕೇಳಿದರೆ ತಿಳಿಯುತ್ತದೆ, ತಿಳಿದರೆ ಇಡುವಂತಿಲ್ಲ. ಅದಕ್ಕೇ ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಹೀಗೆಂದು ಎದುರಿಗೆ ಹೇಳಿದ್ದರೆ ಸಿಟ್ಟಿಗೇಳುತ್ತಿದ್ದಳು, ಆದರೆ ಸಂಗತಿ ಅದೇ.

ಈ ವರ್ಷ ಮಾತು ಬೇರೆ ದಾರಿ ಹಿಡಿಯಿತು. ಮಗ ಅನಿಲಕುಮಾರ ರಾತ್ರಿಪಾಳಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಬೆಳಿಗ್ಗೆ ಬಂದು ಮಲಗಿದರೆ ಕುಕ್ಕರ್ ಕೂಗು, ಟಿ.ವಿ., ಬಂದ ರೋಗಿಗಳ ಕೆಮ್ಮು, ನೆಂಟರ ಮಾತು ಎಲ್ಲ ಅವನ ತಲೆಯ ಮೇಲೇ. ಕಳೆದ ತಿಂಗಳು ಸಿಗ್ನಲ್ಲಿನಲ್ಲಿ ನಿದ್ದೆ ಹತ್ತಿ ಮುಂದಿನ ಗಾಡಿಗೆ ಗುದ್ದಿದ. ಜೀವಕ್ಕೇನೂ ಆಗಲಿಲ್ಲ, ಮೂಗಿನ ಮೇಲೆ ಮೂರು ಹೊಲಿಗೆ. ಆಗ ರಂಜನಾ ಪಟ್ಟು ಹಿಡಿದಳು. ಕಪಾಟಿನ ಜಾಗ ಸರಿಯಾಗಿ ಒಬ್ಬ ಮನುಷ್ಯ ಮಲಗುವಷ್ಟಿದೆ. ಹಲಗೆ ತೆಗೆಸಿ, ಮಂಚ ಕೂರಿಸಿ, ಕೆಳಗೆ ಮನೆಯವರ ಚಾದರಗಳಿಗೆ ಎರಡು ಡ್ರಾಯರ್ ಮಾಡಿಸಿ, ಮುಂದೆ ಒಂದು ಸರಿಸುವ ಬಾಗಿಲು ಹಾಕಿದರೆ ಅವನೊಬ್ಬ ಕತ್ತಲೆ ಮಾಡಿಕೊಂಡು ಮಲಗುತ್ತಾನೆ. ಮಗನ ಮೂಗಿನ ಮೇಲಿನ ಹೊಲಿಗೆ ನೋಡಿಕೊಂಡು ತಾಯಿಯಾದವಳು ಇದಕ್ಕೆ ಏನು ಎದುರು ಹೇಳಬೇಕು?

ಗುರುವಾರ ಬಡಗಿ ದೂಜ ಬಂದ. ಮಂಗಳೂರಿನ ಕಡೆಯವ, ಅಳೆಯುವುದರಲ್ಲಿ ಬಹಳ ನಿಧಾನಿ. ಹಳೆ ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿ, ಇದರಲ್ಲಿ ಒಂದೂ ಮಂಚಕ್ಕೆ ಬಾರದು, ಇಟ್ಟರೆ ಪೂರ್ತಿ ಹಾಗೇ ಇಡಿ, ಇಲ್ಲವಾದರೆ ಪೂರ್ತಿ ಒಡೆಯಿರಿ ಎಂದ. ಸೋಮವಾರ ಬೆಳಿಗ್ಗೆ ಬರುತ್ತೇನೆ, ಅಷ್ಟರಲ್ಲಿ ಒಂದು ತೀರ್ಮಾನ ಮಾಡಿಕೊಳ್ಳಿ ಎಂದು ಹೋದ. ಒಡೆದರೆ ಕೌದಿಗಳಿಗೆ ಬೇರೆ ಜಾಗವಿಲ್ಲ. ಅವರವರಿಗೇ ಫೋನು ಮಾಡಿ ಕೇಳೋಣ, ಬೇಕಾದವರಿಗೆ ಊರಿನ ಬಸ್ಸಿಗೆ ಹಾಕಿ ಕಳಿಸೋಣ ಎಂದಳು ರಂಜನಾ. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಮಹಾದೇವಿ ಎರಡು ದಿನ ಕೇಳದವಳ ಹಾಗೆ ಓಡಾಡಿದಳು. ಶನಿವಾರ ಬೆಳಿಗ್ಗೆ, ಮಗ ಇನ್ನೂ ಪಾಳಿಯಿಂದ ಬಾರದೆ ಮನೆಯಲ್ಲಿ ರಂಜನಾ ಒಬ್ಬಳೇ ಇದ್ದಾಗ, ಕೌದಿಗಳನ್ನೆಲ್ಲ ನೆಲಕ್ಕಿಳಿಸಿ, ಕಿವಿ ಮಂದವಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕೂತಳು.

ಮೊದಲ ನಂಬರು ಇಂಡಿ ತಾಲೂಕಿನ ಒಬ್ಬ ಹೆಂಗಸಿನದು. ಆಕೆಯ ಗಂಡ ಎತ್ತಿದ. ಆಕೆ ಇಲ್ಲಿಂದ ಹೋದ ನಲವತ್ತನೆಯ ದಿನಕ್ಕೆ ತೀರಿಕೊಂಡಿದ್ದಳು. ಎರಡನೆಯದೂ ಹಾಗೇ. ಮೂರನೆಯವನ ಮಗ, ಯಾವ ಕೌದಿ, ಯಾವ ಮುಂಬಯಿ ಎಂದು ಕೇಳಿ, ಅಪ್ಪ ಸತ್ತು ಐದು ವರ್ಷವಾಯಿತೆಂದು ಹೇಳಿ ಇಟ್ಟ. ಒಂದು ನಂಬರು ಬೇರೆ ಯಾರದೋ ಆಗಿತ್ತು, ಇನ್ನೊಂದು ಹೊಡೆದುಕೊಂಡೇ ನಿಂತಿತು. ರಂಜನಾ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಮಹಾದೇವಿ ಮಾತ್ರ ನಿಲ್ಲಿಸಲಿಲ್ಲ. ಇಷ್ಟು ಜನರಲ್ಲಿ ಒಬ್ಬರಾದರೂ ನಗುತ್ತ ಮಾತಾಡಿಯಾರು ಎಂಬ ಆಸೆಯೇ ಅವಳಿಂದ ಮುಂದಿನ ಮುಂದಿನ ನಂಬರನ್ನು ಒತ್ತಿಸುತ್ತಿತ್ತು.

ಒಬ್ಬರು ಸಿಕ್ಕರು. ಬಸವಂತರಾಯ, ಸಾಲಿ ಮಾಸ್ತರ, ಹೊಟ್ಟೆಯ ಗಡ್ಡೆಗೆ ಬಂದು ಮೂರು ತಿಂಗಳು ಈ ನೆಲದ ಮೇಲೇ ಇದ್ದವರು. ತಾವೇ ಫೋನೆತ್ತಿದರು. ಅವರ ದನಿ ಕೇಳಿ ಮಹಾದೇವಿಗೆ ಕಣ್ಣೀರು ಬಂತು. ಪೂರ್ತಿ ಗುಣವಾಗಿದ್ದರು, ಹೋದ ವರ್ಷ ಅಣ್ಣನ ಮಗನ ಮದುವೆಗೆ ಇಲ್ಲೇ ಮುಂಬಯಿಯ ಪವಾಯಿಗೂ ಬಂದು ಹೋಗಿದ್ದರಂತೆ. ಮನೆಗೆ ಯಾಕೆ ಬರಲಿಲ್ಲವೆಂದು ಅವಳು ಕೇಳಲಿಲ್ಲ, ಅವರೇ ಹೇಳಿದರು.

"ತಪ್ಪ ತಿಳೀಬ್ಯಾಡ್ರಿ ಮಾದೇವಕ್ಕಾ. ನೀವು ನನಗ ಅನ್ನಾ ಹಾಕೀರಿ. ಆದ್ರ ಆ ಮನಿ, ಆ ಕೌದಿ ನೆನಪಾದ್ರ ಇವತ್ತಿಗೂ ವಾಂತಿ ಬರ್ತದ್ರಿ. ಅದನ್ನ ಎಲ್ಲೆರೆ ಒಗದ ಬಿಡ್ರಿ."

ಅವಳು ಆಗಲಿ ಎಂದಳು. ಬದುಕಿದ ಒಬ್ಬನಿಗೂ ಈ ಮನೆ ಬೇಡವಾಗಿತ್ತು. ಸಿಟ್ಟು ಮಾಡುವುದಕ್ಕೂ ಜಾಗವಿಲ್ಲದಂಥ ಮಾತು ಅದು.

ಕೊನೆಗೆ ಉಳಿದದ್ದು ಲಾವಣ್ಯಾಳ ಕೌದಿ. ಹತ್ತೊಂಬತ್ತರ ಹುಡುಗಿ, ಜೇವರ್ಗಿಯ ಹತ್ತಿರದವಳು, ರಕ್ತದ ಕ್ಯಾನ್ಸರು. ಮಾತಿಗೊಮ್ಮೆ ನಗುವವಳು. ತಲೆಗೂದಲು ಉದುರಿದ ವಾರ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಗ ಮಹಾದೇವಿ ಕಪಾಟು ತೆರೆದು ತೋರಿಸಿದ್ದಳು, ಹುಡುಗಿ ಎದ್ದು ಕೂತು ಚೀಟಿಗಳನ್ನು ಗಟ್ಟಿಯಾಗಿ ಓದಿದ್ದಳು. ಈ ನಂಬರನ್ನು ಒತ್ತುವ ಮುಂಚೆ ಮಹಾದೇವಿ ನೀರು ಕುಡಿದು ಬಂದಳು. ಎತ್ತಿದವಳು ತಾಯಿ ಶಿವಕುಮಾರಿ. ಮಹಾದೇವಿ ಏನೂ ಕೇಳಬೇಕಾಗಲಿಲ್ಲ.

"ಆಕಿ ಹೋಗಿ ಒಂದ್ ವರ್ಷ ಎಂಟ್ ತಿಂಗಳಾತ್ರಿ ಅಕ್ಕಾ," ಎಂದಳು ಶಿವಕುಮಾರಿ. "ನಿಮಗ ಹೇಳಬೇಕಂತ ಎಷ್ಟೋ ಸಲ ಫೋನ್ ಹಿಡದೀನಿ. ಹೇಳಿದ್ರ ನೀವು ಕೌದಿ ತಗದ ಹಾಕ್ತೀರಿ ಅಂತ ಸುಮ್ಮನಾದೆ."

ಶಿವಕುಮಾರಿಯೇ ಮುಂದುವರಿಸಿದಳು. ಕಡೆಯ ವಾರದವರೆಗೂ ಹುಡುಗಿ ಆ ಹೆಸರುಗಳನ್ನು ಹೇಳುತ್ತಿದ್ದಳಂತೆ, ಅಷ್ಟೂ ಜನ ಆರಾಮಾಗಿದ್ದಾರೆ, ನಾನೂ ಆಗುತ್ತೇನೆ ಎನ್ನುತ್ತಿದ್ದಳಂತೆ.

"ಆಕಿ ಕೌದಿ ಅಲ್ಲೇ ಇಡ್ರಿ ಅಕ್ಕಾ. ಮುಂದ ಯಾರರೆ ಹುಡುಗಿ ಬಂದ್ರ, ಕಪಾಟ ತೋರಸೂಮುಂದ ಇದನ್ನೂ ತೋರಸ್ರಿ. ಈಕಿನೂ ಆರಾಮಾಗಿ ಹೋದ್ಲು ಅಂತ ಹೇಳ್ರಿ. ಒಂದ್ ಕಡೆ ಆದ್ರೂ ನನ್ನ ಮಗಳು ಆರಾಮ ಆಗಿರ್ಲಿ."

ಮಹಾದೇವಿ ಹೂಂ ಎಂದಳು. ಇನ್ನೇನು ಎನ್ನಬೇಕಿತ್ತು?

ಹನ್ನೊಂದರಲ್ಲಿ ಎಂಟು ಜನ ಸತ್ತಿದ್ದರು. ಫೋನಿಗೆ ಸಿಗದ ಇಬ್ಬರನ್ನೂ ಅವಳು ಸತ್ತವರ ಕಡೆಗೇ ಹಾಕಿದಳು. ಮೊನ್ನೆಯವರೆಗೆ ಸುದ್ದಿಯಿಲ್ಲದವರನ್ನೆಲ್ಲ ಬದುಕಿದವರ ಲೆಕ್ಕಕ್ಕೆ ಹಾಕುತ್ತಿದ್ದವಳು ಇವಳೇ. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಭಾನುವಾರವಿಡೀ ಕೌದಿಗಳ ನಡುವೆ ಕೂತು ಚೀಟಿಗಳ ಪಿನ್ನು ಬಿಚ್ಚುತ್ತಿದ್ದಳು.

ಸೋಮವಾರ ದೂಜ ಬಂದು ಚೀಲ ಇಳಿಸಿದಾಗ ರಂಜನಾಳೇ ಅವನನ್ನು ಬಾಗಿಲಲ್ಲಿ ತಡೆದಳು. ಐದು ವರ್ಷ ಇದೇ ಕಪಾಟಿಗಾಗಿ ಜಗಳವಾಡಿದವಳು, ಈಗ ಅತ್ತೆಯ ಕಡೆ ತಿರುಗಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಬೇಡ ಅತ್ತಿ, ಅದು ಇದ್ದ ಹಾಗೇ ಇರಲಿ, ಇವರಿಗೆ ಮಲಗಲು ಬೇರೆ ಏನಾದರೂ ಮಾಡೋಣ, ಆ ತಾಯಿಗೆ ಮಾತು ಕೊಟ್ಟಿದ್ದೀರಿ ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಒಳ್ಳೆಯ ಹುಡುಗಿ, ಇಷ್ಟು ದಿನ ಅತ್ತೆಗೆ ಅದು ಕಂಡಿರಲಿಲ್ಲ.

"ಇಷ್ಟ್ ದಿನಾ ಗೊತ್ತಿಲ್ಲದ ಹೇಳೀನಿ, ರಂಜನಾ," ಎಂದಳು ಮಹಾದೇವಿ. "ಇನ್ನ ಮ್ಯಾಲೆ ಗೊತ್ತಿದ್ದೂ ಗೊತ್ತಿದ್ದೂ ಹೇಳಬೇಕಾಗ್ತದ. ಅದು ನನ್ನ ಕೈಲೆ ಆಗಂಗಿಲ್ಲ. ಒಡೀಲಿ."

ದೂಜ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿ ಸುತ್ತಿಗೆ ತೆಗೆದ. ಗುರಲಿಂಗಪ್ಪ ಹೊಡೆದ ಮೊಳೆಗಳು ಸುಲಭಕ್ಕೆ ಬಿಡಲಿಲ್ಲ, ಒಂದೊಂದು ಹಲಗೆಯೂ ಸೀಳಿಕೊಂಡೇ ಬಂತು. ಮಹಾದೇವಿ ಕೌದಿಗಳನ್ನು ಎರಡೆರಡಾಗಿ ಹೊತ್ತು ಮೂರು ಮಹಡಿ ಇಳಿದು, ಮುನ್ಸಿಪಾಲಿಟಿಯ ಗಾಡಿ ಬರುವ ಕಡೆ ಇಟ್ಟು ಬಂದಳು. ಸಹಾಯಕ್ಕೆ ಬಂದ ಸೊಸೆಯನ್ನು ಮುಟ್ಟಲು ಬಿಡಲಿಲ್ಲ. ಲಾವಣ್ಯಾಳದ್ದನ್ನು ಎದೆಗೆ ಒತ್ತಿಕೊಂಡು ಇಳಿದಳು. ಅದನ್ನೂ ಅಲ್ಲೇ ಇಟ್ಟಳು.

ಮೇಲೆ ಬಂದು ಕೈಕಾಲು ತೊಳೆಯುತ್ತಿದ್ದಾಗ ಫೋನು ಬಂತು. ಸಿಂದಗಿಯ ಕಡೆಯ ಗುರುಪಾದ ಎಂಬವನು. ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ನಂಬರನ್ನು ಊರಿನಲ್ಲಿ ಯಾರೋ ಕೊಟ್ಟಿದ್ದರು. ಹೆಂಡತಿಯ ರಿಪೋರ್ಟು ಬಂದಿದೆ, ಗುರುವಾರ ದೊಡ್ಡಾಸ್ಪತ್ರೆಗೆ ಬರಹೇಳಿದ್ದಾರೆ, ಇಬ್ಬರೇ ಬರುತ್ತೇವೆ ಎಂದ.

"ನಿಮ್ಮ ಮನ್ಯಾಗ ಇದ್ದವರು ಎಲ್ಲಾರೂ ಆರಾಮ ಆಗ್ಯಾರಂತ ಇಲ್ಲಿ ಹೇಳ್ತಾರ್ರಿ ಅಕ್ಕಾ," ಎಂದ ಗುರುಪಾದ. "ಈಕಿಗೂ ಆಗ್ತದಲ್ರಿ?"

ಆ ಕಡೆಯಿಂದ ಆತ ಹಲೋ, ಅಕ್ಕಾ, ಕೇಳಸ್ತದ ಏನ್ರಿ ಎಂದು ಕರೆಯುತ್ತಲೇ ಇದ್ದ. ಅವಳು ಫೋನನ್ನು ರಂಜನಾಳ ಕೈಗೆ ಕೊಟ್ಟು, ಜಾಗ ಇಲ್ಲ ಅಂತ ಹೇಳು ಎಂದಳು. ರಂಜನಾ ತನ್ನ ತಡವರಿಸುವ ಕನ್ನಡದಲ್ಲಿ ಅದನ್ನು ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಆತ ನಂಬಲಿಲ್ಲ.